ಬರ್ತೇನಿ ಅಂದ ಊರು

ಕಾರಹುಣ್ಣಿಮೆಯ ಮರುದಿನ ಮುಂಜಾನೆ ನಾನು ಹಾವೇರಿ ಬಿಟ್ಟೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಚೀಲ. ಚೀಲದಲ್ಲಿ ಎರಡು ಪಂಚೆ, ಸಂಧ್ಯಾವಂದನೆಯ ತಂಬಿಗೆ, ಎರಡು ಸೇರು ಹಚ್ಚಿದ ಅವಲಕ್ಕಿ, ಮತ್ತು ನೂರು ಹಾಳೆಯ ಒಂದು ಟಿಪ್ಪಣಿ ಪುಸ್ತಕ. ಆಷಾಢಕ್ಕೆ ಹದಿನಾಲ್ಕು ದಿನ ಉಳಿದಿದ್ದವು. ಅಷ್ಟರೊಳಗೆ ನಾನು ಉಳಿದ ಆಯುಷ್ಯ ಕಳೆಯಲು ಒಂದು ಊರು ಹುಡುಕಬೇಕಾಗಿತ್ತು.

ಮೂವತ್ತೊಂದು ವರ್ಷ ಕನ್ನಡ ಶಾಲೆಯ ಮಾಸ್ತರನಾಗಿ ಒಂಬತ್ತು ಊರು ತಿರುಗಿದವನು ನಾನು. ಇಲಾಖೆಯವರು ಕಳಿಸಿದಲ್ಲಿಗೆ ಹೋದೆ, ಹೋದಲ್ಲೆಲ್ಲ ಗೊಣಗಿದೆ. ಒಂದೂರಿನ ನೀರು ಉಪ್ಪು, ಇನ್ನೊಂದೂರಿನ ಗಾಳಿ ಧೂಳು, ಮತ್ತೊಂದೂರಿನ ನೆರೆಯವರು ಜಗಳಗಂಟರು. ಆರು ತಿಂಗಳಾಗುವಷ್ಟರಲ್ಲಿ ಬದಲಿಗೆ ಅರ್ಜಿ ಬರೆಯುತ್ತಿದ್ದೆ. ಈಗ ಪೆನ್ಶನ್ ಆಯಿತು. ಎಲ್ಲಿಗೆ ಹೋಗಬೇಕೆಂದು ಹೇಳುವವರು ಯಾರೂ ಉಳಿಯಲಿಲ್ಲ, ಅದೇ ದೊಡ್ಡ ಪೇಚಾಯಿತು.

ನವಲಗುಂದದಿಂದ ಹೊರಟವರು ಹಾವೇರಿಯಲ್ಲಿ ನನ್ನ ಹೆಂಡತಿ ಕೃಷ್ಣಾಬಾಯಿಯ ಅಕ್ಕನ ಮನೆಗೆ ಬಂದಿಳಿದಿದ್ದೆವು. ಎರಡು ತಿಂಗಳಾದರೂ ಕೃಷ್ಣಾಬಾಯಿ ಹದಿನಾರು ಗಂಟುಗಳಲ್ಲಿ ಒಂದನ್ನೂ ಬಿಚ್ಚಿರಲಿಲ್ಲ. ಅಕ್ಕನ ಪಾತ್ರೆಯಲ್ಲೇ ಅಡಿಗೆ, ಅಕ್ಕನ ಹಾಸಿಗೆಯಲ್ಲೇ ನಿದ್ರೆ. ಕಾರಹುಣ್ಣಿಮೆಯ ದಿನ ಹೋಳಿಗೆ ಬಡಿಸುತ್ತಲೇ ಹೇಳಿದಳು: "ಆಷಾಢದಾಗ ಹೊಸ ಮನಿ ಹೊಗಬಾರದು. ಮುಂದ ಚಾತುರ್ಮಾಸ. ಅದಕ್ಕ ಆಷಾಢ ಹುಟ್ಟೂದರೊಳಗ ಒಂದು ಮನಿ ಆಗಬೇಕು. ಆಗಲಿಲ್ಲಾಂದ್ರ ನಾ ಅಕ್ಕನ ಕೂಡ ಇಲ್ಲೇ ಇದ್ದು ಬಿಡ್ತೇನಿ. ನೀವು ಹತ್ತನೇ ಊರು, ಹನ್ನೊಂದನೇ ಊರು ಅಂತ ತಿರಗ್ರಿ."

ಆಕೆ ಸಿಟ್ಟಿನಿಂದ ಹೇಳಿದ್ದರೆ ನಾನು ಅಷ್ಟು ಅಂಜುತ್ತಿರಲಿಲ್ಲ. ತುಪ್ಪ ಹಾಕುತ್ತ ಸಾವಕಾಶವಾಗಿ ಹೇಳಿದಳು. ಮರುದಿನ ಹೊಸ್ತಿಲು ದಾಟುವಾಗ ನಾನು ರೂಢಿಯಂತೆ "ಬರ್ತೇನಿ" ಎಂದೆ.

"ಒಂಬತ್ತೂರು ಬಿಡೂ ಮುಂದನೂ ಹಿಂಗ ಬರ್ತೇನಿ ಅಂದೀರಿ," ಎಂದಳು. "ಒಂದೂರಿಗಾದ್ರೂ ತಿರುಗಿ ಹೋಗೀರೇನು?"

ಯುದ್ಧ ನಡೆದಿದ್ದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳ ಬೆನ್ನಿಗೆ ಹಂಡೆಯಂಥ ಒಲೆ ಕಟ್ಟಿದ್ದರು. ಅದಕ್ಕೆ ಇದ್ದಲಿ ತುಂಬಿ, ಅದರ ಹೊಗೆಯಿಂದ ಬಸ್ಸು ಓಡಿಸುತ್ತಿದ್ದರು. ಓಡುವುದೆಂದರೆ ಇಳಿಜಾರಿನಲ್ಲಿ ಮಾತ್ರ. ಏರು ಬಂದರೆ ಗಂಡಸರೆಲ್ಲ ಇಳಿದು ನೂಕಬೇಕು. ಸವಣೂರಿಗೆ ಎಂಟಾಣೆ ಕೊಟ್ಟು ಎರಡು ಕಡೆ ನೂಕಿದೆ. ಇಪ್ಪತ್ತು ಮೈಲಿನ ಆಸುಪಾಸಿನ ದಾರಿಗೆ ಮಧ್ಯಾಹ್ನವಾಯಿತು. ಬಿಳಿ ಪಂಚೆ ಬೂದಿಬಣ್ಣಕ್ಕೆ ತಿರುಗಿತ್ತು.

ದಾರಿಯಲ್ಲೇ ಟಿಪ್ಪಣಿ ಪುಸ್ತಕಕ್ಕೆ ಗೆರೆ ಹೊಡೆದಿದ್ದೆ. ನೀರಿಗೆ ಇಪ್ಪತ್ತು, ಗಾಳಿಗೆ ಇಪ್ಪತ್ತು, ಪೇಟೆಗೆ ಇಪ್ಪತ್ತು, ನೆರೆಹೊರೆಗೆ ಇಪ್ಪತ್ತು, ಶಾಂತತೆಗೆ ಇಪ್ಪತ್ತು. ಒಟ್ಟು ನೂರು ಮಾರ್ಕು. ಅರವತ್ತು ಬಂದ ಊರು ಪಾಸು. ಮಾಸ್ತರನ ಬುದ್ಧಿ ಪೆನ್ಶನ್ ಆದರೂ ಹೋಗುವುದಿಲ್ಲ.

ಸವಣೂರು ನವಾಬರ ಸಂಸ್ಥಾನ. ಎಲೆಬಳ್ಳಿಯ ತೋಟಗಳಿಂದ ತಂಪು ಗಾಳಿ ಬರುತ್ತಿತ್ತು. ಹತ್ತು ಜನ ಕೈ ಹಿಡಿದು ನಿಂತರೂ ತಬ್ಬಲಾಗದ ದೊಡ್ಡಹುಣಸೆ ಮರಗಳನ್ನು ನೋಡಿದೆ. ಮಠದಲ್ಲಿ ಸ್ನಾನ, ಊಟ ಎರಡೂ ಚೆನ್ನಾಗಿ ಆದವು. ಸಂಜೆ ಮನೆ ವಿಚಾರಿಸಲು ಪೇಟೆಗೆ ಹೋದರೆ, ಎಲೆ ಮಾರುವ ಒಬ್ಬ ಹಿರಿಯರು ಬಾಯಿ ತುಂಬ ಕವಳ ಹಾಕಿಕೊಂಡು ಕುಳಿತಿದ್ದರು. ಬಾಡಿಗೆ ಮನೆ ಇದೆಯೇ ಎಂದೆ. ಹೌದೆಂದು ತಲೆ ಅಲ್ಲಾಡಿಸಿದರು. ಎಲ್ಲಿ ಎಂದೆ. ಕೈಯಿಂದ ಆಕಾಶ ತೋರಿಸಿದರು. ಹತ್ತು ನಿಮಿಷ ಕಾದೆ. ಕೊನೆಗೆ ಉಗುಳಿ ಬಂದು, "ಕುಂದರ್ರಿ ಸಾಹೇಬ್ರ, ಜಲ್ದಿ ಏನೈತಿ? ಮೊದಲ ಎಲಿ ಹಾಕ್ಕೋರಿ. ನಮ್ಮ ಸವಣೂರಾಗ ಅವಸರ ಅನ್ನೂ ಜಡ್ಡ ಇಲ್ಲರಿ," ಎಂದರು.

ಎಂಥ ಒಳ್ಳೆಯ ಮಾತು! ಆದರೆ ನನಗೆ ಅಲ್ಲಿ ಕುಳಿತುಕೊಳ್ಳಲಾಗಲಿಲ್ಲ. ಅವಸರವಿಲ್ಲದ ಊರಿನಲ್ಲಿ ಅವಸರದ ಮನುಷ್ಯ ಏನು ಮಾಡಬೇಕು? ನಲವತ್ತೊಂದು ಮಾರ್ಕು ಹಾಕಿ, ಮರುದಿನ ಮೊದಲ ಗಾಡಿಗೆ ಶಿಗ್ಗಾಂವಿಗೆ ಹೊರಟೆ.

ಶಿಗ್ಗಾಂವಿ ಸವಣೂರಿಗೆ ತದ್ವಿರುದ್ಧ. ಪುಣೆ-ಬೆಂಗಳೂರು ರಸ್ತೆ ಊರಿನ ಪಕ್ಕದಲ್ಲೇ ಹಾಯುತ್ತದೆ. ದಂಡಿನ ಲಾರಿಗಳು ಸಾಲುಗಟ್ಟಿ ಧೂಳೆಬ್ಬಿಸಿ ಹೋಗುತ್ತಿದ್ದವು. ಕಚೇರಿಯ ಕಟ್ಟೆಯ ಮೇಲೆ ಕುಳಿತಿದ್ದ ಒಬ್ಬ ಅರ್ಜಿ ಬರೆಯುವವರು ಊರಿನ ಗುಣ ಹೇಳತೊಡಗಿದರು. "ಇಲ್ಲಿ ಇರೂದಂದ್ರ ಹುಬ್ಬಳ್ಳ್ಯಾಗ ಇದ್ದಂಗ ನೋಡ್ರಿ. ಜಡ್ಡ ಬಂತೋ, ಹುಬ್ಬಳ್ಳಿ. ಕಪಡಾ ಬೇಕೋ, ಹುಬ್ಬಳ್ಳಿ. ಮಗಳಿಗೆ ವರ ನೋಡಬೇಕೋ, ಹುಬ್ಬಳ್ಳಿ."

"ಹಂಗಾರ ಹುಬ್ಬಳ್ಳ್ಯಾಗ ಯಾಕ ಇರಬಾರದು?" ಎಂದೆ.

ಅವರು ಲೇಖಣಿ ಕಿವಿಗೆ ಸಿಕ್ಕಿಸಿ ನನ್ನನ್ನೇ ನೋಡಿದರು. "ಛೇ ಛೇ! ಅಲ್ಲಿ ಯಾರಿರ್ತಾರ್ರಿ?" ಎಂದರು.

ನಕ್ಕೆನಾದರೂ ಆ ರಾತ್ರಿ ನನಗೆ ಶಿಗ್ಗಾಂವಿಯೂ ಒಗ್ಗಲಿಲ್ಲ. ರಸ್ತೆಯಲ್ಲಿ ಹೋಗುವ ಪ್ರತಿಯೊಂದು ಗಾಡಿಯೂ ನನ್ನನ್ನು ಬಿಟ್ಟು ಹೋದಂತೆ ಕಾಣುತ್ತಿತ್ತು. ಮೂವತ್ತೆಂಟು ಮಾರ್ಕು. ಮರುದಿನ ಆರು ಮೈಲು ದೂರದ ಬಂಕಾಪುರದಲ್ಲಿಳಿದೆ. ಹಾಳು ಕೋಟೆಯ ಕಂದಕದಲ್ಲಿ ನವಿಲು ಕೂಗುತ್ತಿದ್ದವು. ಕೇಳಲು ಒಂದು ದಿನ ಚೆನ್ನ, ದಿನಾಲು ಅಲ್ಲ ಎಂದು ಬರೆದುಕೊಂಡೆ. ಅಲ್ಲಿಂದ ಹಾನಗಲ್ಲಿಗೆ ಹದಿನೈದು ಹದಿನಾರು ಮೈಲು, ಏಳಾಣೆ. ದಾರಿ ಸಾಗಿದಂತೆ ಎರೆಭೂಮಿ ಹೋಗಿ ಕೆಂಪು ಮಣ್ಣು ಬಂತು. ಬತ್ತದ ಗದ್ದೆಗಳಲ್ಲಿ ಬಿತ್ತನೆಯ ಕೂರಿಗೆ ನಡೆದಿತ್ತು.

ಹಾನಗಲ್ಲಿನಲ್ಲಿ ನಮ್ಮ ದೂರದ ನೆಂಟರು ಗುಂಡಾಚಾರ್ಯರು ಇದ್ದಾರೆ. ಅವರ ಮನೆಯಲ್ಲಿ ಊಟವಾಯಿತು: ಅನ್ನ, ತೊವ್ವೆ, ಹಲಸಿನಕಾಯಿ ಪಲ್ಯ, ಮೇಲೆ ಗಟ್ಟಿ ಮೊಸರು. ಊಟದ ಮೇಲೆ ಆಚಾರ್ಯರು ಹೊಟ್ಟೆ ನೀವಿಕೊಳ್ಳುತ್ತ ತಮ್ಮ ಊರಿನ ಹಿರಿಮೆ ತೆಗೆದರು. "ಮಾಸ್ತರ, ಹನ್ನೆರಡು ವರ್ಷ ಅಡವಿ ತಿರುಗಿದ ಐದು ಮಂದಿ ಅಣ್ಣತಮ್ಮಂದಿರು ಅಜ್ಞಾತವಾಸಕ್ಕ ಭರತಖಂಡ ಎಲ್ಲಾ ಬಿಟ್ಟು ಈ ಊರು ಆರಿಸಿಕೊಂಡ್ರು. ಯಾಕ? ಇರಲಿಕ್ಕೆ ಇದಕ್ಕಿಂತ ಚೊಲೋ ಊರು ಇಲ್ಲ ಅಂತ."

"ಅವರೂ ಒಂದ ವರ್ಷ ಇದ್ದು ಹೋದ್ರಲ್ಲ, ಆಚಾರ್ಯರ?" ಎಂದೆ.

ಆಚಾರ್ಯರಿಗೆ ಅದು ಹಿಡಿಸಲಿಲ್ಲ. ಎದ್ದು, "ಬರ್ರಿ, ಮನಿ ತೋರಿಸ್ತೇನಿ," ಎಂದು ಕರೆದುಕೊಂಡು ಹೋಗಿ, ಆನೆಕೆರೆಯ ಕಡೆಯ ಓಣಿಯಲ್ಲಿ ಗಂಗವ್ವನ ಬಾಗಿಲಿಗೆ ನನ್ನನ್ನು ಬಿಟ್ಟು ಮಲಗಲು ಹೊರಟುಹೋದರು.

ಗಂಗವ್ವ ಒಕ್ಕಲುತನದ ಮನೆಯ ಯಜಮಾನಿ. ವಯಸ್ಸು ನಲವತ್ತೈದಿದ್ದೀತು. ಗಂಡ ಬಸಪ್ಪ ಗದ್ದೆಯಲ್ಲಿ ಇರುತ್ತಿದ್ದ. ಮನೆಯ ಮಾತೆಲ್ಲ ಈಕೆಯದೇ. ಮನೆಯ ಹಿಂದಿನ ಅರ್ಧ ಬಾಡಿಗೆಗಿತ್ತು. ಬೇರೆ ಬಾಗಿಲು, ಎರಡು ಖೋಲಿ, ಅಡಿಗೆಮನೆ, ಹಿತ್ತಲಲ್ಲಿ ಇಬ್ಬರಿಗೂ ಕೂಡಿ ಒಂದು ಬಾವಿ. ಒಳಗೆ ಬೆಳಕಿತ್ತು. ಗೋಡೆಗೆ ಬಿರುಕಿರಲಿಲ್ಲ. ನನಗೆ ಕಳವಳ ಶುರುವಾಯಿತು. ತಪ್ಪು ಸಿಗದ ಉತ್ತರಪತ್ರಿಕೆ ಕೈಗೆ ಬಂದರೆ ಮಾಸ್ತರನಿಗೆ ಸಂಶಯ ಬರುತ್ತದೆ.

"ನೀರು ಹೆಂಗ ಅದ?" ಎಂದೆ.

"ಸೇದಿ ಕುಡದು ನೋಡ್ರಿ. ನಾ ಚೊಲೋ ಐತಿ ಅಂದ್ರ ನೀವು ನಂಬೂದಿಲ್ಲ."

ಸೇದಿ ಕುಡಿದೆ. ಎಳನೀರಿನಂತಿತ್ತು. ಇಪ್ಪತ್ತಕ್ಕೆ ಇಪ್ಪತ್ತು ಹಾಕಲು ಕೈ ಏಳದೆ ಹದಿನಾಲ್ಕು ಹಾಕಿದೆ.

"ನಮ್ಮ ಮನ್ಯಾಗ ಮಡಿ ಭಾಳ," ಎಂದು ಹೇಳಿದೆ. "ನಮ್ಮಾಕಿ ನೀರು ತರೂ ಮುಂದ ಹಗ್ಗ, ಕೊಡ ಯಾರೂ ಮುಟ್ಟಬಾರದು."

"ಗೊತ್ತೈತಿ ಬಿಡ್ರಿ, ನಾವೂ ಆಚಾರ್ರ ಓಣ್ಯಾಗ ಹಾಲು ಹಾಕೇವಿ."

"ಸೊಳ್ಳೆ?"

"ಕೆರಿ ಐತಿ ಅಂದ ಮ್ಯಾಲ ಸೊಳ್ಳಿ ಇರ್ತಾವ್ರಿ. ನಮಗೂ ಕಡೀತಾವ, ನಿಮಗೂ ಕಡೀತಾವ. ಅದರಾಗ ಭೇದಭಾವ ಇಲ್ಲ."

ಅಂತೂ ಒಂದು ತಪ್ಪು ಸಿಕ್ಕಿತು ಎಂದು ಸಮಾಧಾನದಿಂದ ಸೊಳ್ಳೆಗೆ ಹತ್ತು ಮಾರ್ಕು ಕಳೆದೆ. ಅಷ್ಟರಲ್ಲಿ ಅಕ್ಕಿಆಲೂರಿನ ಬಸ್ಸು ಹಾರ್ನು ಹೊಡೆಯಿತು. ಅದು ತಪ್ಪಿದರೆ ಮರುದಿನದ ತನಕ ಇಲ್ಲ. ಕೊಡೆ ಎತ್ತಿಕೊಂಡು ಹೊಸ್ತಿಲಿಗೆ ಬಂದೆ.

"ಹಂಗಾರ ಬರ್ತೀರೇನ್ರಿ, ಮಾಸ್ತರ?" ಎಂದು ಗಂಗವ್ವ ಕೇಳಿದಳು.

"ಹೂಂ, ಬರ್ತೇನಿ, ಬರ್ತೇನಿ," ಎನ್ನುತ್ತ ಓಡಿದೆ.

ಅಕ್ಕಿಆಲೂರು ಎಂಟು ಮೈಲು. ಅಂದು ಸಂತೆ. ಗಿರಣಿಯ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ತೌಡಿನ ಧೂಳಿಗೆ ಮೂರು ಸಲ ಸೀನಿ ಪುಸ್ತಕ ಮುಚ್ಚಿದೆ. ತಿಳವಳ್ಳಿಗೆ ಹೋಗುವ ದಾರಿಯಲ್ಲಿ ಮೃಗಶಿರ ಮಳೆ ಹಿಡಿದುಕೊಂಡಿತು. ಇದ್ದಲಿ ತೊಯ್ದು ಬಸ್ಸು ನಿಂತಿತು. ತಿಳವಳ್ಳಿಯ ಗುಡಿಯಲ್ಲಿ ಅವಲಕ್ಕಿ ತಿಂದು ರಾತ್ರಿ ಕಳೆದು, ಮರುದಿನ ನಾಲ್ಕಾಣೆಗೆ ಒಂದು ಚಕ್ಕಡಿ ಹಿಡಿದು ಹಿರೇಕೆರೂರು ಮುಟ್ಟುವಾಗ ನನ್ನ ಮೈಮೇಲೆ ಜನಿವಾರ ಕೂಡ ಒಣಗಿರಲಿಲ್ಲ.

ಹಿರೇಕೆರೂರಿನಲ್ಲಿ ನನ್ನ ಹಳೆಯ ವಿದ್ಯಾರ್ಥಿ ಶೇಖಪ್ಪ ಕಚೇರಿಯಲ್ಲಿ ಕಾರಕೂನನಾಗಿದ್ದ. ನಡುವಯಸ್ಸಿನ ಸಂಸಾರಸ್ಥ. ನನ್ನನ್ನು ಬಿಡಲಿಲ್ಲ. ಪಡಸಾಲೆಯ ಮೂಲೆಯಲ್ಲಿ ಒಲೆ ಹೂಡಿಸಿ, ಅಕ್ಕಿ ಬೇಳೆ ಕೊಟ್ಟು, ನನ್ನ ಅಡಿಗೆಯನ್ನು ನಾನೇ ಮಾಡಿಕೊಳ್ಳಲು ಬಿಟ್ಟ. ಮಳೆ ನಾಲ್ಕು ದಿನ ಹೊಡೆಯಿತು. ಕೆರೆ ತುಂಬುವುದನ್ನು ನೋಡಲು ಊರಿಗೆ ಊರೇ ಏರಿಯ ಮೇಲೆ ನೆರೆಯಿತು. ನಾನು ಮಾತ್ರ ಪಡಸಾಲೆಯಲ್ಲಿ ಆ ಕಂಬದಿಂದ ಈ ಕಂಬಕ್ಕೆ ಅಡ್ಡಾಡಿದೆ. ದಿನಗಳು ಮುಗಿಯುತ್ತಿದ್ದವು.

"ಮಾಸ್ತರ, ಒಂಬತ್ತೂರಾಗ ಇದ್ದೀರಿ. ಎಲ್ಲಾದರಕಿಂತ ಯಾವ ಊರು ಪಸಂದ ಬಂತ್ರಿ?" ಎಂದು ಶೇಖಪ್ಪ ಒಂದು ಸಂಜೆ ಕೇಳಿದ.

ನಾನು ತಡವರಿಸದೆ, "ನವಲಗುಂದ," ಎಂದೆ. ಅಲ್ಲಿಯ ವಿಶಾಲ ಬಯಲು, ಜೋಳದ ರೊಟ್ಟಿಯ ರುಚಿ, ನೆರೆಯವರ ಪ್ರೀತಿ ಎಲ್ಲವನ್ನೂ ಬಣ್ಣಿಸಿದೆ. ಅರ್ಧ ತಾಸು ಮಾತಾಡಿದ ಮೇಲೆ ನಾಲಿಗೆ ತಡೆಯಿತು. ಆ ಊರಿನಿಂದ ಪಾರುಮಾಡಿರೆಂದು ನಾಲ್ಕು ಅರ್ಜಿ ಬರೆದವನು ನಾನೇ. ಅದಕ್ಕೂ ಮೊದಲು ನವಲಗುಂದದಲ್ಲಿ ಕುಳಿತು ರೋಣವನ್ನು ಹೊಗಳಿದ್ದೆ, ರೋಣದಲ್ಲಿ ಕುಳಿತು ಗದಗನ್ನು. ಬಿಟ್ಟು ಬಂದ ಮೇಲೆಯೇ ನನಗೆ ಊರು ಚೆಲುವಾಗಿ ಕಾಣುತ್ತದೆ. ಇದು ಊರುಗಳ ದೋಷವಲ್ಲ ಎಂದು ಅಂದು ಮೊದಲ ಸಲ ಹೊಳೆಯಿತು. ಹೊಳೆದದ್ದಕ್ಕೆ ಬಹಳ ಕೆಟ್ಟದೆನಿಸಿತು. ಆದರೂ ಹಿರೇಕೆರೂರಿಗೆ ನಲವತ್ತಾರು ಮಾರ್ಕು ಹಾಕದೆ ಬಿಡಲಿಲ್ಲ.

ಮಳೆ ನಿಂತು ಹೊಳವಾದ ದಿನ ಹಾವೇರಿಗೆ ಹೊರಟ ಬಸ್ಸು ಹತ್ತಿದೆ. ಅದು ತಿಳವಳ್ಳಿ, ಅಕ್ಕಿಆಲೂರು ಹಾಯ್ದು ಹಾನಗಲ್ಲಿಗೆ ಬಂದು, ಇದ್ದಲಿ ತುಂಬಿಸಿಕೊಳ್ಳಲು ಒಂದು ತಾಸು ನಿಂತಿತು. ಸುಮ್ಮನೆ ಕೂಡ್ರಲಾರದ ಕಾಲು. ಆನೆಕೆರೆಯ ಓಣಿಗೆ ನಡೆದೆ.

ಗಂಗವ್ವನ ಹಿತ್ತಲ ಬಾಗಿಲಿಗೆ ಹಸಿ ಕೆಮ್ಮಣ್ಣು ಸಾರಿಸಿತ್ತು. ಅಂಗಳದಲ್ಲಿ ಹೊಸದಾಗಿ ಒಂದು ತುಳಸಿಕಟ್ಟೆ ಎದ್ದಿತ್ತು. ಮಣ್ಣಿನ ಕೈಯಲ್ಲೇ ಆಕೆ ಹೊರಗೆ ಬಂದಳು.

"ಬಂದ್ರ್ಯಾ, ಮಾಸ್ತರ? ಅಮ್ಮಾರೆಲ್ಲಿ?"

"ಯಾವ ಅಮ್ಮಾರು?"

"ನಿಮ್ಮ ಮನಿಯವರ್ರಿ. ಸಾಮಾನು ಬಸ್ಸಿನಾಗ ಐತೇನು?"

ನನಗೆ ಏನೂ ತಿಳಿಯಲಿಲ್ಲ. ಆಕೆ ಬಾವಿಯ ಕಡೆಗೆ ಕರೆದೊಯ್ದಳು. ಆರು ದಿನದ ಹಿಂದೆ ಅಲ್ಲಿ ಹಗ್ಗ ಹಾಯಿಸಿ ನೀರು ಸೇದುವ ಗಡಗಡಿ ಒಂದೇ ಇತ್ತು. ಈಗ ಎದುರು ಮಗ್ಗುಲಿಗೆ ಇನ್ನೊಂದು ಕಂಬ ನೆಟ್ಟು ಹೊಸ ಗಡಗಡಿ ಕಟ್ಟಿದ್ದರು. ಅದಕ್ಕೊಂದು ಹೊಸ ಹಗ್ಗ. "ಇದು ನಿಮ್ಮದು. ನಮ್ಮ ಹಗ್ಗ ಇದಕ್ಕ ತಾಕೂದಿಲ್ಲ, ಅಮ್ಮಾರಿಗೆ ಮಡಿ ತ್ರಾಸಿಲ್ಲ. ನಮ್ಮವರು ಬಿತ್ತನಿ ಬಿಟ್ಟು ಎರಡು ದಿನ ಇದನ್ನ ಮಾಡಿದ್ರು. ಇಲ್ಲಿ ಕಚೇರಿ ಕಾರಕೂನರೊಬ್ರು ಮನಿ ಕೇಳಾಕ ಬಂದಿದ್ರು. ಮಾಸ್ತರು ಬರ್ತೇನಿ ಅಂದು ಹೋಗ್ಯಾರ ಅಂತ ತಿರುಗಿ ಕಳಿಸಿದ್ನಿ."

ಆಗ ತಿಳಿಯಿತು. ನಮ್ಮ ಕಡೆ ಮನೆಯಿಂದ ಹೊರಡುವವರು ‘ಹೋಗ್ತೇನಿ’ ಅನ್ನುವುದಿಲ್ಲ. ಅದು ಅಶುಭ, ತಿರುಗಿ ಬಾರದವರ ಮಾತು. ‘ಬರ್ತೇನಿ’ ಎಂದೇ ಹೋಗುತ್ತೇವೆ. ಆಕೆ ‘ಬರ್ತೀರೇನ್ರಿ’ ಅಂದದ್ದು ಈ ಮನೆಗೆ ಇರಲು ಬರುತ್ತೀರಾ ಎಂದು. ನಾನು ಕೇಳಿಸಿಕೊಂಡದ್ದು, ಹೊರಟಿರಾ ಎಂದು.

"ಗಂಗವ್ವ, ನಾ ಅವತ್ತು ಬರ್ತೇನಿ ಅಂದದ್ದು... ಬಸ್ಸಿಗೆ ಹೊತ್ತಾಗಿತ್ತು. ಹೊಂಡೂ ಮುಂದ ಎಲ್ಲಾರೂ ಅಂತಾರಲ್ಲ, ಹಂಗ ಅಂದೆ."

ಆಕೆ ಕೈಯ ಮಣ್ಣು ಉಜ್ಜುತ್ತ ನಿಂತಳು. "ನಾ ಏನ್ ಕೇಳಿದ್ನಿರಿ?"

"ಬರ್ತೀರೇನ್ರಿ ಅಂತ."

"ನೀವೇನಂದ್ರಿ?"

"ಬರ್ತೇನಿ ಅಂತ."

"ಎಷ್ಟು ಸಲ?"

"ಎರಡು ಸಲ," ಎಂದೆ, ಪಾಠ ಒಪ್ಪಿಸುವ ಹುಡುಗನ ಹಾಗೆ.

"ಮತ್ತ ನನ್ನ ತಪ್ಪೇನೈತ್ರಿ?" ಆಕೆಯ ಮುಖದಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. "ಇರಲಿ. ಬರೂದಿಲ್ಲಂದ್ರ ಬರೂದಿಲ್ಲ ಅಂತ ಬಾಯಿಬಿಟ್ಟು ಹೇಳ್ರಿ. ಕಾರಕೂನರಿಗೆ ಇವತ್ತ ಹೇಳಿ ಕಳಸ್ತೇನಿ."

ನಾನು ಹೇಳಬೇಕಾದದ್ದು ಒಂದೇ ಮಾತು. ಅರ್ಧ ಉತ್ತರ ಕೊಟ್ಟ ಹುಡುಗರ ಕೈಗೆ ಮೂವತ್ತೊಂದು ವರ್ಷ ಛಡಿ ಹೊಡೆದವನು ನಾನು. ಸಾರಿಸಿದ ಹೊಸ್ತಿಲ ಮುಂದೆ, ಆ ಹೊಸ ಹಗ್ಗವನ್ನು ನೋಡುತ್ತ ನಿಂತುಬಿಟ್ಟೆ. ತನ್ನದೇ ಬಾವಿಯಲ್ಲಿ ತನ್ನ ಹಗ್ಗ ಮುಟ್ಟದವರಿಗೆ ಆಕೆ ಜಾಗ ಮಾಡಿಕೊಟ್ಟಿದ್ದಳು. ನನಗೆ ನಾಚಿಕೆಯಾಯಿತು. ಬಸ್ಸು ಹಾರ್ನು ಹೊಡೆಯಿತು. ಗಂಗವ್ವ ಒಳಗೆ ಹೋಗಿ ಕೀಲಿಕೈ ತಂದು ನನ್ನ ಅಂಗೈಯಲ್ಲಿಟ್ಟಳು.

"ಅಮ್ಮಾರನ್ನ ಕೇಳ್ರಿ. ಅವರು ಬ್ಯಾಡಂದ್ರ ಬಸ್ಸಿನವರ ಕೈಯಾಗ ತಿರುಗಿ ಕಳಸ್ರಿ."

ಹೊರಡುವಾಗ ಬಾಯಿಗೆ ಬಂದ ‘ಬರ್ತೇನಿ’ಯನ್ನು ಹಲ್ಲು ಕಚ್ಚಿ ತಡೆದೆ. ಮೂಕನ ಹಾಗೆ ಕೈಮುಗಿದು ಬಂದುಬಿಟ್ಟೆ. ಹಾವೇರಿಯ ತನಕ ಆ ಕೀಲಿಕೈ ಕೋಟಿನ ಕಿಸೆಯಲ್ಲಿ ತೊಡೆಗೆ ಚುಚ್ಚುತ್ತಿತ್ತು. ಒಂದು ಮೈಲಿಗೆ ಹೋಗೋಣವೆಂದು, ಇನ್ನೊಂದು ಮೈಲಿಗೆ ಬೇಡವೆಂದು ಅನಿಸುತ್ತ ಅನಿಸುತ್ತ ಊರು ಬಂತು.

ಕೃಷ್ಣಾಬಾಯಿ ಗಂಟುಗಳ ನಡುವೆ ಕುಳಿತು ಬತ್ತಿ ಹೊಸೆಯುತ್ತಿದ್ದಳು. ನಾನು ಪುಸ್ತಕ ತೆಗೆದು, ಪರೀಕ್ಷೆಯ ಫಲಿತಾಂಶ ಸಾರುವಂತೆ ನಿಕಾಲು ಓದಿದೆ. ಸವಣೂರು ನಲವತ್ತೊಂದು, ಶಿಗ್ಗಾಂವಿ ಮೂವತ್ತೆಂಟು, ಹಿರೇಕೆರೂರು ನಲವತ್ತಾರು.

"ಹಾನಗಲ್ಲು?"

"ಐವತ್ತೆಂಟು. ಎರಡು ಮಾರ್ಕಿನಿಂದ ನಪಾಸು."

ಆಕೆ ತಲೆ ಎತ್ತಲಿಲ್ಲ. ಬತ್ತಿ ಹೊಸೆಯುವುದು ನಡೆದಿತ್ತು. ನನಗೆ ತಡೆಯಲಾಗಲಿಲ್ಲ. ಕೀಲಿಕೈ ತೆಗೆದು ಆಕೆಯ ಮುಂದಿಟ್ಟು, ಬಾಯಿತಪ್ಪಿ ‘ಬರ್ತೇನಿ’ ಅಂದದ್ದು, ತುಳಸಿಕಟ್ಟೆ, ಕಾರಕೂನ, ಗಡಗಡಿ ಎಲ್ಲವನ್ನೂ ಹೇಳಿದೆ.

"ಬ್ಯಾರೆ ಗಡಗಡಿ ಹಾಕಿಸ್ಯಾಳ?" ಎಂದು ಆಕೆ ಕೇಳಿದಳು. ಕಣ್ಣು ತುಂಬಿದ್ದವು. "ಒಂಬತ್ತೂರಾಗ ಮಂದಿ ಸೇದೂದು ಮುಗಿಯೂತನಕಾ ಬಾವಿಕಟ್ಟಿ ಮ್ಯಾಲ ಒದ್ದಿ ಸೀರ್ಯಾಗ ನಿಂತೇನಿ. ನಿಮಗ ಅದು ಗೊತ್ತೂ ಇಲ್ಲ."

ಗೊತ್ತಿರಲಿಲ್ಲ. ನೀರಿಗೆ ಮಾರ್ಕು ಹಾಕಿದವನಿಗೆ ನೀರು ತರುವವಳ ಕಾಲು ಕಂಡಿರಲಿಲ್ಲ.

"ಬಾಯಿ ತಪ್ಪಿ ಅಂದೆ," ಎಂದು ಮತ್ತೆ ಹೇಳಿದೆ.

ಆಕೆ ಕಣ್ಣೊರೆಸಿಕೊಂಡು ಸೆರಗಿಗೆ ಕೀಲಿಕೈ ಕಟ್ಟಿದಳು. "ಬಾಯಿ ತಪ್ಪಿದ್ದ ಚೊಲೋ ಆತು. ತಿಳದು ಅನ್ನೂ ಹಂಗಿದ್ರ ನೀವು ಎಂದೂ ಅಂತಿದ್ದಿಲ್ಲ."

ಅಮಾವಾಸ್ಯೆಗೆ ಎರಡು ದಿನ ಮೊದಲು ಹದಿನಾರು ಗಂಟುಗಳನ್ನು ಚಕ್ಕಡಿಗೆ ಹೇರಿದೆವು. ಬಸ್ಸು ಅಷ್ಟು ಸಾಮಾನು ಒಯ್ಯಲಾರದು. ಎತ್ತಿನ ದಾರಿಯಿಂದಲೇ ಇಪ್ಪತ್ತು ಮೈಲು ಸಾಗಬೇಕು. ನನ್ನ ಟಿಪ್ಪಣಿ ಪುಸ್ತಕ ಹುಡುಕಿದೆ. ಉಪ್ಪಿನಕಾಯಿ ಭರಣಿಗಳ ಬಾಯಿಗೆ ಅದರ ಹಾಳೆ ಮುಚ್ಚಿ ದಾರ ಬಿಗಿದಿತ್ತು. ನಡುವಿನ ಭರಣಿಯ ಮೇಲೆ ಹಾನಗಲ್ಲಿನ ಐವತ್ತೆಂಟು, ಎಣ್ಣೆ ಹತ್ತಿ, ಅರ್ಧ ಅಳಿಸಿತ್ತು.

ಅಕ್ಕ ಬಾಗಿಲಲ್ಲಿ ನಿಂತು ತಂಗಿಗೆ ಕುಂಕುಮ ಹಚ್ಚಿದಳು. ಕೃಷ್ಣಾಬಾಯಿ ಕಾಲು ಮುಟ್ಟಿ ನಮಸ್ಕಾರ ಮಾಡಿ, "ಅಕ್ಕ, ಹೋಗ್ತೇನಿ," ಎಂದಳು.

ಅಕ್ಕ ಗಡಬಡಿಸಿ ಆಕೆಯ ಕೈ ಹಿಡಿದಳು. "ಹಂಗನಬ್ಯಾಡವಾ! ಬರ್ತೇನಿ ಅನ್ನು."

"ಬರ್ತೇನಿ ಅಂತ ಅಂದು ಅಂದು ಒಂಬತ್ತು ಸಲ ಗಂಟು ಕಟ್ಟೇನಿ. ಬೇಕಾದ್ರ ನೀನು ಬಾ. ನಾ ಈ ಸಲ ಹೋಗ್ತೇನಿ."

ಚಕ್ಕಡಿ ಹೊರಟಿತು. ನನ್ನ ಅಂಗಾಲು ಆಗಲೇ ತುರಿಸುತ್ತಿತ್ತು. ಹಾವೇರಿಯೂ ಏನು ಕೆಟ್ಟ ಊರಾಗಿತ್ತು ಎಂದು ಮನಸ್ಸು ಪಿಸುಗುಟ್ಟತೊಡಗಿತ್ತು. ಓಣಿಯ ತಿರುವಿನಲ್ಲಿ ನಾನು ಹಿಂದಿರುಗಿ ನೋಡಿದೆ. ಅಕ್ಕ ಕುಂಕುಮದ ಬಟ್ಟಲು ಹಿಡಿದು ಇನ್ನೂ ಹೊಸ್ತಿಲಲ್ಲೇ ನಿಂತಿದ್ದಳು, ಆ ಒಂದು ಮಾತಿಗೆ ಕಾಯುತ್ತ. ಕೃಷ್ಣಾಬಾಯಿ ಭರಣಿಗಳನ್ನು ಎರಡೂ ಕೈಯಿಂದ ಹಿಡಿದು ಎತ್ತುಗಳ ಕೋಡಿನ ಆಚೆಗೆ ದಾರಿ ನೋಡುತ್ತಿದ್ದಳು. ಒಮ್ಮೆಯೂ ತಿರುಗಲಿಲ್ಲ.